ಅರ್ಧ ಪಾಲು ಸಗಣಿ

ಶಂಭುಲಿಂಗಪ್ಪನವರ ಕೊಟ್ಟಿಗೆಯ ಸಗಣಿಯಲ್ಲಿ ಅರ್ಧ ಪಾಲು ರೇಣುಕವ್ವನದು. ಇದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ, ಬರೆಯುವ ಪ್ರಸಂಗವೂ ಬಂದಿರಲಿಲ್ಲ. ನಾಲ್ಕು ಎತ್ತು, ಎರಡು ಎಮ್ಮೆ, ಒಂದು ಆಕಳು. ಬೆಳಗಾದರೆ ರೇಣುಕವ್ವ ಹೋಗಿ ಕೊಟ್ಟಿಗೆ ಬಳಿದು, ಸಗಣಿಗೆ ಹೊಟ್ಟು ಕಲಸಿ, ಹಿತ್ತಿಲಲ್ಲಿ ಕುಳ್ಳು ಬಡಿಯಬೇಕು. ಒಣಗಿದ ಮೇಲೆ ಒಂದು ಸಾಲು ಮನೆಯವರಿಗೆ, ಒಂದು ಸಾಲು ಅವಳಿಗೆ. ಅವಳ ಅತ್ತೆಯ ಕಾಲದಿಂದ ಹೀಗೇ ನಡೆದು ಬಂದಿತ್ತು. ನವಲಗುಂದದ ಸುತ್ತಿನ ಎರೆಭೂಮಿಯಲ್ಲಿ ಸೌದೆಯ ಗಿಡ ಎಲ್ಲಿದೆ? ಹತ್ತಿಕಟ್ಟಿಗೆ ನಾಲ್ಕು ತಿಂಗಳು ಉರಿದರೆ ಹೆಚ್ಚು. ಉಳಿದ ವರ್ಷವೆಲ್ಲ ಕುಳ್ಳಿನ ಮೇಲೆಯೇ.

ಮನೆಯೊಡತಿ ಸುಶೀಲವ್ವನಿಗೆ ಕೈ ತುಂಬ ಇದ್ದರೂ ಒಂದು ಚೂರೂ ಚೆಲ್ಲುವ ಸ್ವಭಾವವಲ್ಲ. ಅಕ್ಕಿ ತೊಳೆದ ನೀರು ಎಮ್ಮೆಗೆ, ಒಲೆಯ ಬೂದಿ ಪಾತ್ರೆ ತಿಕ್ಕುವುದಕ್ಕೆ, ಮೈ ತೊಳೆದ ನೀರು ಬದನೆ ಗಿಡಕ್ಕೆ, ಹರಿದ ಸೀರೆ ಕೌದಿಗೆ. ಕಡ್ಡಿ ಗೀರುವ ಮೊದಲು ಪಕ್ಕದ ಮನೆಯ ಒಲೆ ಹೊತ್ತಿದೆಯೇ ಎಂದು ನೋಡಿಸಿ, ಅಲ್ಲಿಂದ ಕೆಂಡ ತರಿಸುವವಳು.

"ಅವ್ವಾರ, ನೀವು ಉಸರನೂ ಅರ್ಧಾ ಒಳಗ ಇಟಗೋತೀರೇನ್ರಿ?" ಎಂದು ರೇಣುಕವ್ವ ಕಾಡಿಸುತ್ತಿದ್ದಳು.

"ಹೊರಗ ಬಿಟ್ರ ವಾಪಸ್ ಯಾರ ತಂದಕೊಡತಾರಬೇ?" ಎಂದು ಸುಶೀಲವ್ವ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಆ ಕಣ್ಣು ಒರೆಸಿಕೊಳ್ಳುವುದು ಮಾತ್ರ ನಗುವಿನಿಂದಲ್ಲ. ಇಪ್ಪತ್ತೆಂಟು ವರ್ಷದ ಹೊಗೆ ಅವಳ ಕಣ್ಣಲ್ಲಿ ಕೂತಿತ್ತು. ಹುಬ್ಬಳ್ಳಿಯ ಡಾಕ್ಟರು, ಒಲೆಯ ಮುಂದೆ ಕೂಡುವುದನ್ನು ಬಿಡದಿದ್ದರೆ ಔಷಧ ಹಾಕಿಯೂ ಉಪಯೋಗವಿಲ್ಲ ಎಂದು ಹೇಳಿ ಕಳಿಸಿದ್ದರು.

ಎಂಬತ್ತಾರನೆಯ ಇಸವಿ, ಯುಗಾದಿ ಮುಗಿದ ವಾರ, ತಾಲೂಕಿನಿಂದ ಒಬ್ಬ ಮನುಷ್ಯ ಮೋಟರ್ ಸೈಕಲ್ ಮೇಲೆ ಬಂದು ಹಿತ್ತಿಲನ್ನು ಅಳೆದ. ಸಗಣಿ ಗ್ಯಾಸಿನ ಟಾಕಿ ಕಟ್ಟಿಸಿದರೆ ಸರಕಾರದ್ದೂ ಸ್ವಲ್ಪ ಹಣ ಬರುತ್ತದೆ, ಸೀಮೆಎಣ್ಣೆ ಉಳಿಯುತ್ತದೆ, ಟಾಕಿಯಿಂದ ಹೊರಬರುವ ಬಗ್ಗಡ ಹೊಲಕ್ಕೆ ಹಾಕಿದರೆ ಅಂಗಡಿಯ ಗೊಬ್ಬರವೂ ಉಳಿಯುತ್ತದೆ ಎಂದ. ಶಂಭುಲಿಂಗಪ್ಪನವರಿಗೆ ಗೊಬ್ಬರದ ಮಾತು ಹಿಡಿಸಿತು, ಸುಶೀಲವ್ವನಿಗೆ ಹೊಗೆಯ ಮಾತು. ತಿಂಗಳೊಪ್ಪತ್ತಿನಲ್ಲಿ ಟಾಕಿ ಎದ್ದು ನಿಂತಿತು. ಆ ಮನುಷ್ಯ ಬಂದು ಟಾಕಿ ನಡೆಸುವ ರೀತಿ ಹೇಳಿಕೊಟ್ಟ ದಿನ ರೇಣುಕವ್ವ ಹೊಲದಲ್ಲಿದ್ದಳು.

"ರೇಣವ್ವಾ, ಟಾಕಿ ತುಂಬಾಕ ಬಂಡಿಗಟ್ಟಲೆ ಸಗಣಿ ಬೇಕಂತ. ನಿನ್ನ ಪಾಲೂ ಹಾಕೂಣೇನ?" ಎಂದು ಸುಶೀಲವ್ವ ಕೇಳಿದಳು.

"ಹಾಕ್ರಿ ಅವ್ವಾರ. ನಿಮ್ಮ ಕಣ್ಣಿಗಿಂತ ನನ್ನ ಕುಳ್ಳ ಹೆಚ್ಚಿನವೇನ್ರಿ?"

ಹೇಳುವುದನ್ನು ಮನಸ್ಸಿಟ್ಟೇ ಹೇಳಿದಳು. ಆದರೆ ಒಳಗೊಳಗೆ ಲೆಕ್ಕವೂ ಇತ್ತು. ಮಗಳು ಬಸಕ್ಕ ಮಿಶ್ರಿಕೋಟಿಯ ಗಂಡನ ಮನೆಯಲ್ಲಿ ಬಸುರಿ, ಚೊಚ್ಚಲು. ಚೊಚ್ಚಲ ಹೆರಿಗೆ ತವರಿನದು. ಬಾಣಂತಿಗೆ ತಿಂಗಳೊಪ್ಪತ್ತು ಎರಡು ಹೊತ್ತು ಬಿಸಿನೀರು ಎರೆಯಬೇಕು, ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟು ಕೆಂಡದ ಕಾವು ಕೊಡಬೇಕು, ಅಜವಾನದ ಹೊಗೆ ಹಾಕಬೇಕು. ಅದಕ್ಕೆ ಗಂಡಾಳಿನ ಎತ್ತರದ ಕುಳ್ಳಿನ ಬಣವಿಯೊಂದು ಬೇಕೇಬೇಕು. ಗಂಡ ಸತ್ತ ಮನೆಯಲ್ಲಿ ಅವಳು ಮಗಳಿಗೆ ಕೊಡಬಲ್ಲದ್ದು ಬಂಗಾರವಲ್ಲ, ಈ ಕಾವು ಒಂದೇ. ಹೆರಿಗೆ ಆಷಾಢದ ಕೊನೆಗೆ. ಟಾಕಿ ಒಂದು ತಿಂಗಳಲ್ಲಿ ತುಂಬಿದರೂ ಮಳೆ ಹಿಡಿಯುವುದಕ್ಕೆ ಮೊದಲು ಬಿಸಿಲಿನ ದಿನ ಇನ್ನೂ ಬೇಕಾದಷ್ಟು ಸಿಗುತ್ತವೆ. ಬಾವಿ ಒಮ್ಮೆ ತೋಡಿದರೆ ಆಯಿತು, ನೀರು ಬರುತ್ತಲೇ ಇರುತ್ತದೆ. ಟಾಕಿಯೂ ಹಾಗೇ ಎಂದು ಅವಳು ತಿಳಿದಿದ್ದಳು. ಒಮ್ಮೆ ತುಂಬಿದರೆ ಆಯಿತು.

ತಿಂಗಳು ಪೂರ್ತಿ ಬುಟ್ಟಿ ಹೊತ್ತಳು. ಅಕ್ಕಪಕ್ಕದ ಕೊಟ್ಟಿಗೆಗಳಿಂದಲೂ ಬೇಡಿ ತಂದು ಸುರಿದಳು. ಒಂದು ದಿನ ಒಳಗೆ ಒಲೆ ಹೊತ್ತಿತು. ನೀಲಿ ಉರಿ, ಹೊಗೆಯ ಎಳೆಯೂ ಇಲ್ಲ. ಮೊದಲ ಚಹಾ ರೇಣುಕವ್ವನಿಗೇ ಬಂತು. ಸುಶೀಲವ್ವ ಒಲೆಯ ಮುಂದೆ ಕಣ್ಣು ತೆರೆದು ಕೂತಿದ್ದಳು, ಬಹಳ ವರ್ಷಗಳ ಮೇಲೆ.

ಮರುದಿನ ಬೆಳಿಗ್ಗೆ ರೇಣುಕವ್ವ ತನ್ನ ಪಾಲಿನ ಬುಟ್ಟಿ ತುಂಬಿಕೊಂಡು ಹಿತ್ತಿಲ ಮೂಲೆಗೆ ನಡೆದಳು.

"ಯಾಕಬೇ, ಅತ್ತಾಗ ಯಾಕ ಒಯ್ಯಾಕತ್ತಿ? ಟಾಕಿಗೆ ಹಾಕು."

"ತುಂಬೇತಲ್ರಿ ಅವ್ವಾರ?"

"ತುಂಬಿದ್ರ ಮುಗೀತೇನ? ದಿನಾ ಹಾಕಬೇಕಂತ. ಎಂಟ ದಿನ ಬಿಟ್ರ ಉರಿ ಸತ್ತಹೋಗತೈತಂತ. ನಿನಗ ಗೊತ್ತಿಲ್ಲೇನ?"

ರೇಣುಕವ್ವ ಬುಟ್ಟಿ ಹೊತ್ತುಕೊಂಡೇ ನಿಂತಳು. ಸಗಣಿಯ ನೀರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. "ದಿನಾ ಎಷ್ಟ್ರಿ?"

"ಇದ್ದದ್ದೆಲ್ಲಾ," ಎಂದಳು ಸುಶೀಲವ್ವ. ಆಮೇಲೆ ಅವಳ ಮುಖ ನೋಡಿ, "ಹೊರಗ ಬಗ್ಗಡ ಬರತೈತಲ್ಲ, ಅದರಾಗ ನಾಕ ಬುಟ್ಟಿ ನೀ ಒಯ್ಯಿ. ಮನ್ಯಾವರಿಗೆ ನಾ ಹೇಳತೇನಿ," ಎಂದಳು.

ಆಗ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಬಸಕ್ಕನ ಬಾಣಂತನಕ್ಕೆ ಕುಳ್ಳು ಬೇಕ್ರಿ ಎಂದು ಇಷ್ಟೇ. ಆದರೆ 'ಹಾಕ್ರಿ' ಎಂದವಳು ತಾನೇ. ಕೊಟ್ಟದ್ದನ್ನು ತಿರುಗಿ ಕೇಳಿದರೆ ಆ ಕಣ್ಣು ಮತ್ತೆ ಹೊಗೆಯೊಳಗೆ ಹೋಗಬೇಕು. ರೇಣುಕವ್ವ ಬುಟ್ಟಿಯನ್ನು ಟಾಕಿಯ ಬಾಯಿಗೆ ಬೋರಲು ಹಾಕಿದಳು.

ಅಕ್ಕಪಕ್ಕದ ಕೊಟ್ಟಿಗೆಗಳಲ್ಲಿ ಆಗಲೇ ಒಮ್ಮೆ ಬೇಡಿಯಾಗಿತ್ತು. ಬೀದಿಯ ಸಗಣಿಗೆ ಹೋದರೆ ಅಲ್ಲಿ ಮೊದಲೇ ಮೂರು ಬುಟ್ಟಿಗಳು ದನದ ಹಿಂದೆ ನಡೆಯುತ್ತಿದ್ದವು. ಕಡೆಗೆ ಬಗ್ಗಡವನ್ನೇ ತಂದಳು. ತೆಳ್ಳಗಿನದು, ಇಮ್ಮಡಿ ಹೊಟ್ಟು ಕಲಸಿದರೂ ಕೈಗೆ ಹತ್ತದು. ಹೇಗೋ ಬಡಿದು ಒಣಗಿಸಿ ಬಣವಿ ಒಟ್ಟಿದಳು. ನೋಡಲಿಕ್ಕೆ ಕುಳ್ಳಿನ ಹಾಗೇ ಇತ್ತು. ಬಾಜು ಮನೆಯ ಹಸೀನಾಬಿ ಒಂದನ್ನು ಎತ್ತಿದಳು. ಹಗುರಾಗಿ ಎದ್ದುಬಂದು ಅಂಗೈಯಲ್ಲೇ ಎರಡು ಹೋಳಾಯಿತು.

"ಇದು ಕುಳ್ಳಲ್ಲ ಬೇ, ಕುಳ್ಳಿನ ಫೋಟೋ. ಎಮ್ಮಿ ಒಮ್ಮಿ ತಿಂದೈತಿ, ಟಾಕಿ ಇನ್ನೊಮ್ಮಿ ತಿಂದೈತಿ. ನಿನಗೇನ ಉಳದೈತಿ ಇದರಾಗ?"

"ಸುಮ್ನಿರ ನೀನು. ಬಿಸಲ ಬಿದ್ರ ಗಟ್ಟಿ ಆಗತಾವು."

"ಅವ್ವಾರಿಗೆ ಹೇಳ ಹೋಗು. ಬಾಯಿ ಏನ ಬಾಡಿಗಿಗೆ ಕೊಟ್ಟೀಯೇನ?"

"ಅವರ ಕಣ್ಣ ನೋಡೀಯೇನ ನೀ? ಈಗ ಅಕ್ಕಿಯೊಳಗಿನ ಕಲ್ಲ ತಾವ ಆರಸತಾರ."

"ಅವರ ಕಣ್ಣ ನೋಡಕೋತ ಕುಂಡ್ರು," ಎಂದು ಹಸೀನಾಬಿ ಮನೆಗೆ ಹೋಗಿ, ತನ್ನ ಬಣವಿಯಿಂದ ಹತ್ತು ಕುಳ್ಳು ತಂದು ಸದ್ದಿಲ್ಲದೆ ಇಟ್ಟುಹೋದಳು. ಅವಳದೂ ಆರು ಮಂದಿಯ ಮನೆ.

ಆಷಾಢದ ಜಿಟಿಜಿಟಿ ಹಿಡಿದ ಮೂರನೆಯ ದಿನ ಬಸಕ್ಕ ಬಂದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು, ಕಾಲು ಬಾತಿದ್ದವು. ಜೊತೆಗೆ ಬೀಗತಿ ಫಕ್ಕೀರವ್ವ. ಸೊಸೆಯನ್ನು ಬಿಟ್ಟುಹೋಗಲು ಬಂದವಳು. ಕೆಟ್ಟ ಹೆಂಗಸಲ್ಲ, ಕಣ್ಣು ಮಾತ್ರ ಎಲ್ಲ ಕಡೆ ಓಡಾಡುತ್ತಿತ್ತು.

"ಮೊದಲ ಮೈಗೆ ಬಿಸಿನೀರ ಹಾಕ್ಕೋ ಬಸಕ್ಕಾ," ಎಂದು ರೇಣುಕವ್ವ ಹಂಡೆಯ ಒಲೆಗೆ ಕುಳಿತಳು. ಹಸೀನಾಬಿಯ ಹತ್ತು ಕುಳ್ಳನ್ನು ಹೆರಿಗೆಯ ದಿನಕ್ಕೆಂದು ಎತ್ತಿಟ್ಟಿದ್ದಳು, ಮುಟ್ಟಲಿಲ್ಲ. ಬಣವಿಯಿಂದ ಬುಟ್ಟಿ ತುಂಬ ತಂದು ಒಟ್ಟಿ, ಒಂದಿಷ್ಟು ಸೀಮೆಎಣ್ಣೆ ಚಿಮುಕಿಸಿ ಕಡ್ಡಿ ಗೀರಿದಳು. ಎಣ್ಣೆ ಉರಿಯಿತು, ಎಣ್ಣೆಯ ಜೊತೆಗೇ ಉರಿಯೂ ಹೋಯಿತು. ಮತ್ತೆ ಊದಿದಳು. ಅಂಚು ಕೆಂಪಗಾಗಿ, ಕೆಂಡ ಕಟ್ಟದೆ, ಬೂದಿಯಾಗಿ ಉದುರಿತು. ಹೊಗೆ ಮಾತ್ರ ಮನೆ ತುಂಬಿತು. ಬಸಕ್ಕ ಹೊಟ್ಟೆ ಹಿಡಿದುಕೊಂಡು ಕೆಮ್ಮುತ್ತ ಬಾಗಿಲಿಗೆ ಬಂದಳು. ಒಂದು ತಾಸಾದರೂ ಹಂಡೆಯ ನೀರು ಬೆರಳಿಗೆ ತಣ್ಣಗೇ ಇತ್ತು.

ಫಕ್ಕೀರವ್ವ ಹಿತ್ತಿಲಿಗೆ ಹೋಗಿ ಬಣವಿಯ ಸುತ್ತ ಒಂದು ಸುತ್ತು ಬಂದಳು. ಒಂದು ಕುಳ್ಳು ಮುರಿದು ಮೂಸಿ ಕೆಳಗೆ ಹಾಕಿದಳು.

"ಬೀಗತಿ, ಎಲ್ಲಾ ಇಂಥಾವ ಏನ್ರಿ?"

ರೇಣುಕವ್ವ ಸುಳ್ಳು ಹೇಳಲು ಬಾಯಿ ತೆಗೆದಳು. ಬರಲಿಲ್ಲ. "ಹೌದ್ರಿ," ಎಂದಳು.

"ನಿಮ್ಮನ್ನ ಅಂದಾಡಾಂಗಿಲ್ಲ ನಾ. ಆದ್ರ ಒಂದ ಹಂಡೇ ನೀರ ಕಾಸಾಕ ಆಗವಲ್ದು, ಕೂಸಿಗೆ ಕಾವ ಹೆಂಗ ಕೊಡತೀರಿ? ಮಳಿ ಹಿಡದೈತಿ. ನಮ್ಮಲ್ಲಿ ಕಟಗಿಗೆ ಕಡಿಮಿ ಇಲ್ಲ. ಹುಡಗೀನ ನಾ ಹೊಳ್ಳಿ ಕರಕೊಂಡ ಹೋಗತೇನಿ."

"ಚೊಚ್ಚಲೈತ್ರಿ," ಎಂದಳು ರೇಣುಕವ್ವ.

"ಅದಕ್ಕ ಹೇಳಾಕತ್ತೇನಿ."

ಬಸಕ್ಕ ತಾಯಿಯ ಬಾಜು ಬಂದು ಕೂತಳು. ಅತ್ತೆಗೆ ಕೇಳದ ಹಾಗೆ, "ಯವ್ವಾ, ನಿನ್ನ ಪಾಲೇನಾತ?" ಎಂದಳು.

"ಅವ್ವಾರಿಗೆ ಕೊಟ್ಟೆ."

"ಎಲ್ಲಾನೂ?"

"ಒಂದ ತಿಂಗಳಿಗೆ ಅಂತ ಮಾಡಿದ್ನವಾ. ತುಂಬಿದ ಮ್ಯಾಲ ಮತ್ತ ಕೇಳಂಗಿಲ್ಲ ಅಂತ ತಿಳದಿದ್ದೆ."

ಬಸಕ್ಕ ತಾಯಿಯ ಕೈ ತೆಗೆದುಕೊಂಡು ತನ್ನ ಹೊಟ್ಟೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಒಳಗೆ ಕೂಸು ಒಮ್ಮೆ ಹೊರಳಿತು. ಎರಡೂವರೆಯ ಬಸ್ಸಿಗೆ ಅತ್ತೆ ಸೊಸೆ ಹೋದರು. ರೇಣುಕವ್ವ ರಸ್ತೆಯವರೆಗೆ ಗಂಟು ಹೊತ್ತುಕೊಂಡು ಹೋಗಿ, ಕಿಟಕಿಯೊಳಗೆ ಹತ್ತು ಕುಳ್ಳಿನ ಚೀಲವನ್ನೂ ತೂರಿಸಲು ನೋಡಿದಳು. ಕಂಡಕ್ಟರು ಬೈದು ಇಳಿಸಿದ.

ಸಂಜೆಗೆ ಕೊಟ್ಟಿಗೆಗೆ ಹೋದಳು. ಹೋಗದಿದ್ದರೆ ಟಾಕಿ ಹಸಿದಿರುತ್ತಿತ್ತು. ಅಡಿಗೆಮನೆಯ ಕಿಟಕಿಯಲ್ಲಿ ನೀಲಿ ಉರಿ ಕಾಣುತ್ತಿತ್ತು. ಆ ಉರಿಗೆ ಕೆಂಡವಿಲ್ಲ. ಅದನ್ನು ಅಗ್ಗಿಷ್ಟಿಗೆಯಲ್ಲಿ ತುಂಬಿಕೊಂಡು ಹೋಗಿ ಯಾರ ಹೊರಸಿನ ಕೆಳಗೂ ಇಡಲು ಬರುವುದಿಲ್ಲ.

"ಬಸಕ್ಕ ಬಂದಾಳಂತಲ್ಲಬೇ?" ಎಂದು ಸುಶೀಲವ್ವ ಹೊರಗೆ ಬಂದಳು. ಕಣ್ಣು ತಿಳಿಯಾಗಿದ್ದವು. "ಒಂದಿಷ್ಟ ತುಪ್ಪಾ ತಗದಿಟ್ಟೇನಿ, ಒಯ್ಯಿ."

"ಬಂದಿದ್ಲರಿ. ಹೋದ್ಲು."

"ಎಲ್ಲಿಗೆ?"

"ಮಿಶ್ರಿಕೋಟಿಗ್ರಿ. ಅಲ್ಲೇ ಹಡೀತಾಳಂತ. ಅಲ್ಲಿ ಕಟಗಿ ಅದಾವು."

ಸುಶೀಲವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳ ನೋಟ ರೇಣುಕವ್ವನ ಬುಟ್ಟಿಗೆ ಹೋಯಿತು, ಅಲ್ಲಿಂದ ಟಾಕಿಗೆ.

"ಯಾಕ ಹೇಳಲಿಲ್ಲಬೇ ನನಗ? ಒಂದ ಮಾತ ಹೇಳಬಾರದಿತ್ತೇನ?" ಎಂದಳು. "ನಾಳಿಂದ ನಿನ್ನ ಪಾಲ ನೀ ಒಯ್ಯಿ. ಗ್ಯಾಸ ಅರ್ಧಾ ಉರೀಲಿ. ಉಳಿದದ್ದ ನಾ ಒಲಿ ಮ್ಯಾಲೆ ಮಾಡತೇನಿ."

"ಈಗ್ಯಾಕ್ರಿ ಅವ್ವಾರ?" ಎಂದಳು ರೇಣುಕವ್ವ. ಸಿಟ್ಟಿರಲಿಲ್ಲ ಮಾತಿನಲ್ಲಿ. "ಮಳ್ಯಾಗ ಕುಳ್ಳ ಒಣಗಂಗಿಲ್ಲ."

ಸಗಣಿಗೆ ಸಮ ನೀರು ಹೊಯ್ದು, ಕಡ್ಡಿಕಸ ಆರಿಸಿ ತೆಗೆದು, ಮೊಳಕೈವರೆಗೆ ಕೈ ಹಾಕಿ ಕಲಸತೊಡಗಿದಳು. ಸುಶೀಲವ್ವ ಮಳೆಯಲ್ಲೇ ಇಳಿದು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು, ತಾನೂ ಕೈ ಹಾಕಿದಳು. ಇಬ್ಬರೂ ಸೇರಿ ಕಲಸಿದ್ದನ್ನು ಟಾಕಿಯ ಬಾಯಿಗೆ ಸುರಿದರು. ಟಾಕಿ ಅಷ್ಟನ್ನೂ ಗುಳುಗುಳು ಎಂದು ಒಳಗೆ ಎಳೆದುಕೊಂಡಿತು.