ಏಳು ಗಂಟೆ ಬಸ್ಸಿಗೆ ಅಡ್ಡ ಹಾಕಿದ ಕೈಗಳು

ನಮ್ಮೆಜಮಾನ್ರಿಗೆ ನಿಂತಲ್ಲಿ ಮಾತು ಬರೋದಿಲ್ಲ. ಮೂಕರೇನಲ್ಲ ಮತ್ತೆ! ಮೂವತ್ತೊಂದು ವರ್ಷ ಚುನಾವಣೆ ವ್ಯಾನಿನಲ್ಲಿ ಮೈಕ್ ಹಿಡಿದು ಬೀದಿ ಬೀದಿ ಕೂಗಿದವರು. ಗಾಡಿ ಹೊರಟರೆ ಬಾಯಿ ಹೊರಡುತ್ತೆ, ಗಾಡಿ ನಿಂತರೆ ಬಾಯೂ ನಿಲ್ಲುತ್ತೆ, ಅಂಥ ಅಭ್ಯಾಸ. ಯಾವ ಪಕ್ಷ ಕರೆದರೂ ಹೋಗೋರು. ಏರಿಯಾಗೆಲ್ಲ ಮೈಕ್ ಮಾಮ. ಈಗ ಪ್ರಚಾರವೆಲ್ಲ ಫೋನಿನೊಳಗೆ ಹೋಯ್ತು ನೋಡಿ, ಮೂರು ವರ್ಷದಿಂದ ಒಬ್ಬರೂ ಕರೆದಿಲ್ಲ. ಮನೇಲಿ ಕೂತು ನನ್ನ ಅಡುಗೆಗೆ ಉಪ್ಪು ಹೆಚ್ಚು, ಖಾರ ಕಮ್ಮಿ ಅಂತ ಕೈಸನ್ನೆಯಲ್ಲೇ ತೀರ್ಪು ಕೊಡ್ತಾರೆ.

ನಾನು ಆಸ್ಪತ್ರೆ ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕೋಳು. ಏಳೂವರೆಗೆ ಡ್ಯೂಟಿ. ಏಳಕ್ಕೆ ನಮ್ಮ ಬೀದಿ ಮೂಲೆಯಲ್ಲೇ ಬಸ್ಸು ಸಿಗ್ತಿತ್ತು. ಎರಡು ತಿಂಗಳ ಹಿಂದೆ ಅದ್ಯಾವ ಪುಣ್ಯಾತ್ಮನಿಗೆ ಏನು ತೋಚಿತೋ, ಸ್ಟಾಪನ್ನ ಎತ್ತಿ ಮೇಲ್ಸೇತುವೆ ಆಚೆ ಹಾಕಿದರು; ಬಸ್ಸು ನಮ್ಮ ಮೂಲೆ ಮುಂದೆಯೇ ಹೋದರೂ ನಿಲ್ಲೋದಿಲ್ಲ. ಅಲ್ಲಿಗೆ ಎಂಬತ್ತನಾಲ್ಕು ಮೆಟ್ಟಿಲು. ನನ್ನ ಮಂಡಿ ನಲವತ್ತಕ್ಕೇ ಕೈ ಕೊಡುತ್ತೆ. ಒಂಬತ್ತು ಸಲ ತಡವಾಯ್ತು. ಮೇಲ್ವಿಚಾರಕಿ ಒಳ್ಳೇ ಹುಡುಗಿ, ಆದರೂ ಹೇಳಿಬಿಟ್ಟಳು: "ಅಕ್ಕಾ, ಇನ್ನೊಂದು ಸಲ ಆದ್ರೆ ನನ್ನ ಕೈಲೂ ಏನೂ ಇಲ್ಲ." ಆಮೇಲಿಂದ ಐದೂಮುಕ್ಕಾಲಿಗೇ ಹೊರಟು, ಮೆಟ್ಟಿಲ ಮೇಲೆ ಕೂತು ಕೂತು ಹತ್ತುತ್ತಿದ್ದೆ. ಎಷ್ಟು ದಿನ ಅಂತ? ಬಿಸಿ ಚಾದರದ ವಾಸನೆ ನನಗೆ ಪ್ರಾಣ. ಆ ಕೆಲಸವೂ ಹೋಗಿ ಇಬ್ಬರೂ ಮುಖ ಮುಖ ನೋಡ್ಕೊಂಡು ಕೂರೋದಾ? ಅಯ್ಯೋ, ಬೇಡಪ್ಪಾ!

ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ ಆರುನೂರು ಜನ. ಸ್ಟಾಪ್ ಹೋದ ದಿನದಿಂದ ಅಲ್ಲಿ ಜಗಳವೋ ಜಗಳ. ಇದು ಈಗಿನವರ ತಪ್ಪು, ಅಲ್ಲ ಹಿಂದಿನವರ ತಪ್ಪು, ನಿಮ್ಮ ಪಕ್ಷ ಏನು ಕಡಿದು ಕಟ್ಟೆ ಹಾಕಿತ್ತು ಅಂತ ದಿನಕ್ಕೆ ಇನ್ನೂರು ಮೆಸೇಜು. ನಮ್ಮ ಕೌನ್ಸಿಲರ್ ಸಾಹೇಬರು ಬೈದವರಿಗೂ ಹೊಗಳಿದವರಿಗೂ ಒಂದೊಂದು ಹೆಬ್ಬೆಟ್ಟಿನ ಚಿತ್ರ ಹಾಕಿ ಸುಮ್ಮನಾಗೋರು. ಸಾರಿಗೆ ಕಚೇರಿಗೆ ಒಂದು ಸಾಲು ಬರೆದವರಿಲ್ಲ.

"ಮಾವ, ನೀವೊಂದು ವಾಯ್ಸ್ ಮೆಸೇಜ್ ಹಾಕಿ, ನಿಮ್ಮ ದನಿ ಕೇಳಿದ್ರೆ ಎಲ್ಲರೂ ಎದ್ದು ಕೂರ್ತಾರೆ," ಅಂದಳು ನನ್ನ ಸೊಸೆ. ಫೋನು ಹಿಡಿದಳು. ಇವರು ಕೆಮ್ಮಿದರು, ಬಾಯಿ ತೆರೆದರು, ಮುಚ್ಚಿದರು.

"ಗಾಡಿ ಓಡಬೇಕು ಕಣೇ ಇವರಿಗೆ," ಅಂದೆ.

ಸೊಸೆ ಜಾಣೆ. ಸ್ಕೂಟರ್ ತೆಗೆದು ಮಾವನನ್ನು ಹಿಂದೆ ಕೂರಿಸಿಕೊಂಡು, "ಮುಗಿದ ತಕ್ಷಣ ಬೆರಳು ತೆಗೀರಿ, ತಾನೇ ಹೋಗುತ್ತೆ," ಅಂತ ಹೇಳಿ ಬೀದಿಗೆ ಹೊರಟಳು. ಎರಡು ನಿಮಿಷಕ್ಕೆ ನನ್ನ ಫೋನ್ ಟಿಂಗ್ ಅಂತು. "ವಾರ್ಡಿನ ಮಹಾಜನರೇ! ನನ್ನ ಹೆಂಡತಿ ಏಳು ಗಂಟೆ ಬಸ್ಸಿಗಾಗಿ, ಮಂಡಿ ಹಿಡಿದುಕೊಂಡು, ಎಂಬತ್ತನಾಲ್ಕು ಮೆಟ್ಟಿಲು ಹತ್ತುತ್ತಿದ್ದಾಳೆ! ಒಬ್ಬಳೇ ಹತ್ತುತ್ತಿದ್ದಾಳೆ! ನಮ್ಮ ಸ್ಟಾಪ್ ನಮಗೆ ಬೇಕು!" ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನುಷ್ಯ ನನ್ನ ಬಗ್ಗೆ ಇಷ್ಟು ಮಾತಾಡಿದ್ದು ಇದೇ ಮೊದಲು. ಕಣ್ಣು ಒರೆಸಿಕೊಳ್ತಿದ್ದೆ, ಅಷ್ಟರಲ್ಲಿ ದನಿ ಇನ್ನೂ ಏರಿತು: "ಆದ್ದರಿಂದ ತಾಯಂದಿರೇ, ನಿಮ್ಮ ಅಮೂಲ್ಯವಾದ ಮತವನ್ನು ಏಣಿ ಗುರುತಿಗೆ ಕೊಟ್ಟು ಅತ್ಯಧಿಕ ಬಹುಮತದಿಂದ ಆರಿಸಿ ತನ್ನಿ!"

ತಲೆ ಚಚ್ಚಿಕೊಂಡೆ. ಏಣಿ ಗುರುತಿನವರು ಹೋದ ಸಲ ನಮ್ಮ ಕೌನ್ಸಿಲರ್ ಎದುರು ಸೋತವರು. ಇವರು ಕೊನೇ ಸಲ ಕೂಗಿದ್ದೂ ಅವರಿಗೇ. ನಾಲಗೆ ಹಳೇ ದಾರಿ ಹಿಡಿದಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು; ಅಳಿಸೋಣ ಅನ್ನೋಷ್ಟರಲ್ಲಿ ನಾಲ್ಕು ಗ್ರೂಪು ದಾಟಿತ್ತು.

ಆಮೇಲೆ ಕೇಳಬೇಕೆ! "ಮೆಟ್ಟಿಲು ಕಷ್ಟ ಅಂತ ಏಣಿ ಹತ್ತಿದ್ರಾ ಮಾಮ?" ಅಂತ ಒಬ್ಬ. ಅದಕ್ಕೆ ತಮಟೆ ಸದ್ದು ಸೇರಿಸಿ ಹಂಚಿದವನು ಇನ್ನೊಬ್ಬ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆದರೆ ಯಾರೋ "ಬಾಡಿಗೆ ಬಾಯಿ" ಅಂತ ಬರೆದರು. ಅದನ್ನ ಓದಿ ಇವರು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಚಹಾ ಕೊಟ್ಟರೆ ಬೇಡ, ಊಟಕ್ಕೆ ಕರೆದರೆ ಬೇಡ. ನನಗೆ ಮೈಯೆಲ್ಲ ಉರಿದುಹೋಯ್ತು.

ಫೋನ್ ಎತ್ತಿಕೊಂಡೆ. "ನೋಡ್ರಪ್ಪಾ, ನಗೋರು ಹೊಟ್ಟೆ ತುಂಬ ನಕ್ಕುಬಿಡಿ. ಇವರಿಗೂ ಪಕ್ಷ ಇಲ್ಲ, ನನಗೂ ಇಲ್ಲ. ನನಗಿರೋದು ಎರಡು ಮಂಡಿ. ನಾಳೆ ಬೆಳಗ್ಗೆ ಏಳಕ್ಕೆ ಹಳೇ ಸ್ಟಾಪಿನಲ್ಲಿ ನಿಂತು ಬಸ್ಸಿಗೆ ಕೈ ಅಡ್ಡ ಹಾಕ್ತೀನಿ. ತಪ್ಪಿದರೆ ನನ್ನ ಕೆಲಸ ಹೋಗುತ್ತೆ, ಹೋಗಲಿ. ಬರೋರು ಬನ್ನಿ. ಬರದೇ ಇರೋರು ಹೆಬ್ಬೆಟ್ಟು ಮಾತ್ರ ಹಾಕಬೇಡಿ, ನನಗೆ ಪಿತ್ತ ನೆತ್ತಿಗೇರುತ್ತೆ!"

ಆಮೇಲೆ ಅವತ್ತು ಗ್ರೂಪಿನಲ್ಲಿ ಒಂದು ಮೆಸೇಜೂ ಬರಲಿಲ್ಲ. ಸತ್ತೆ ಅಂದುಕೊಂಡೆ.

ಬೆಳಗ್ಗೆ ಮೂಲೆ ತಿರುಗಿದರೆ ರಸ್ತೆ ತುಂಬ ಜನ! ಔಷಧಿ ಅಂಗಡಿಯವರು ಬೀಗದ ಕೈ ಹಿಡಿದೇ ಬಂದಿದ್ದರು. ತಮಟೆ ಸೇರಿಸಿದ ಪುಂಡ ಹಲ್ಲುಜ್ಜುತ್ತಲೇ ನಿಂತಿದ್ದ. ಏಣಿಯವರು ತಮ್ಮ ಪರ ಅಲೆ ಎದ್ದಿದೆ ಅಂತ ಫೋನಿನಲ್ಲಿ ಲೈವ್ ಹಾಕ್ತಿದ್ದರು. ಅದನ್ನು ಮನೇಲಿ ಕೂತು ನೋಡಿದ ಕೌನ್ಸಿಲರ್ ಅಂಗಿ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಓಡೋಡಿ ಬಂದು, ತಾವೂ ಲೈವ್ ಶುರು ಮಾಡಿದರು. ಇಬ್ಬರೂ ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು. ನಮ್ಮೆಜಮಾನ್ರು ಹಿಂದೆ ನನ್ನ ಊಟದ ಡಬ್ಬಿ ಹಿಡಿದಿದ್ದರು.

ಬಸ್ಸು ಬಂತು. ಅಷ್ಟೂ ಕೈ ಮೇಲೆದ್ದವು. ಡ್ರೈವರ್ ನಿಲ್ಲಿಸದೆ ಏನು ಮಾಡ್ತಾನೆ? "ಇಲ್ಲಿ ನಿಲ್ಲಿಸೋಕೆ ಆರ್ಡರ್ ಇಲ್ಲ," ಅಂದ. ಕೌನ್ಸಿಲರ್ ತಟ್ಟಂತ ಡಿಪೋ ಅಧಿಕಾರಿಗೆ ಫೋನ್ ಹಚ್ಚಿದರು. ಊರೆಲ್ಲ ನೋಡ್ತಿರುವಾಗ ಅಧಿಕಾರಿ ಇಲ್ಲ ಅಂತಾರಾ? ಇವತ್ತಿಂದಲೇ ನಿಲ್ಲಿಸಿ, ಆದೇಶ ಕಳಿಸ್ತೀನಿ ಅಂದರು. ಹೋ ಅಂತ ಕೂಗು ಎದ್ದಿತು.

ಡಬ್ಬಿ ಇಸಕೊಂಡು ನಾನು ಹತ್ತಿದೆ. ಬಸ್ಸು ಹೊರಡಲಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಬೇಗ ಬೇಗ ಹತ್ರೀ, ಹೊತ್ತಾಯ್ತು!" ಅಂತ ಕೂಗಿದ. ಯಾರೂ ಅಲ್ಲಾಡಲಿಲ್ಲ.

"ನಾವ್ಯಾರೂ ಎಲ್ಲಿಗೂ ಹೋಗೋರಲ್ಲಪ್ಪಾ," ಅಂದರು ಔಷಧಿ ಅಂಗಡಿಯವರು. "ಈ ಬಸ್ಸು ಅಕ್ಕಂದು."

ಕಂಡಕ್ಟರ್ ರಸ್ತೆ ನೋಡಿದ, ನನ್ನ ಮುಖ ನೋಡಿದ. ಟಿಕೆಟ್ ಎಲ್ಲಿಗೆ ಅಂತ ಅವನು ಎರಡು ಸಲ ಕೇಳಿದರೂ ನನ್ನ ಬಾಯಿಂದ ಆಸ್ಪತ್ರೆ ಅನ್ನೋ ಮಾತು ಹೊರಡಲಿಲ್ಲ, ಅಷ್ಟು ಅಳು ಬಂದಿತ್ತು.