ಹೂಂ ಅಂದರೆ

"ಏ ಮುದುಕಿ, ಕೈ ತೆಗಿ ಅಲ್ಲಿಂದ! ಸಾಕ್ಷಿ ಹೇಳಕ್ಕೆ ಬಂದಿದ್ದೀಯೋ, ಕಟಕಟೆಗೆ ಬಣ್ಣ ಬಳಿಯಕ್ಕೆ ಬಂದಿದ್ದೀಯೋ?"

ಕೋರ್ಟಿನ ಜವಾನ ಗದರಿದ. ಅತ್ತೆ ಬಿಸಿ ತಾಗಿದವಳಂತೆ ಎರಡೂ ಕೈಗಳನ್ನು ಹಿಂದಕ್ಕೆಳೆದುಕೊಂಡಳು. ಅವಳ ಕೈಗಳು ಮೊಣಕೈಯವರೆಗೂ ನೀಲಿ. ಬಣ್ಣದ ಕಾರ್ಖಾನೆಯ ನೀಲಿ ತೊಟ್ಟಿಯಲ್ಲಿ ನೂಲು ಅದ್ದುವವರೆಲ್ಲರ ಕೈಗಳೂ ಹಾಗೇ. ನಾನು ಕೆಂಪು ತೊಟ್ಟಿಯವಳು, ನನ್ನವು ಕೆಂಪು.

"ಇದು ಹತ್ತಲ್ಲ ಸ್ವಾಮಿ," ಎಂದಳು ಅತ್ತೆ. "ನನ್ನನ್ನೇ ಬಿಟ್ಟು ಹೋಗ್ತಿಲ್ಲ, ನಿಮ್ಮ ಮರಕ್ಕೆಲ್ಲಿ ಹತ್ತುತ್ತೆ?"

ಹಿಂದಿನ ಬೆಂಚಿನಲ್ಲಿ ನಮ್ಮ ಬೀದಿಯವರು ಕಿಸಕ್ಕೆಂದರು. ನ್ಯಾಯಾಧೀಶರು ತಲೆಯೆತ್ತಿದರು. ನಗು ಅಲ್ಲಲ್ಲೇ ಸತ್ತಿತು.

ಮಾಲೀಕರ ವಕೀಲ ಎದ್ದು ನಿಂತ. ಅವನ ಮಾತು ಮಗ್ಗುಲಲ್ಲಿ ಕೂತು ತಲೆ ಸವರುವವರ ಮಾತಿನಷ್ಟು ಮೆತ್ತಗಿತ್ತು.

"ಅಮ್ಮಾ, ಆವತ್ತು ಕಾರ್ಖಾನೆಯ ಗಲೀಜು ಗುಂಡಿ ಕಟ್ಟಿಕೊಂಡಿತ್ತು, ಅಲ್ವಾ?"

"ಹೂಂ ಸ್ವಾಮಿ."

"ಮೇಸ್ತ್ರಿ ನಿಮ್ಮ ಮಗನಿಗೆ 'ಇಳಿ' ಅಂದ. ನಿಮ್ಮ ಮಗ 'ಹೂಂ' ಅಂದ. ನೀವು ಪಕ್ಕದಲ್ಲೇ ಇದ್ರಿ."

"ಹೂಂ ಸ್ವಾಮಿ."

"ಹಾಗಾದ್ರೆ ಅವನು ತಾನಾಗೇ ಒಪ್ಪಿ ಇಳಿದ ಅಂದ್ರೆ ಸರಿನಾ?"

"ಹೂಂ ಸ್ವಾಮಿ."

ಟೈಪು ಮಾಡುವವನ ಬೆರಳುಗಳು ಓಡಿದವು. ನನ್ನ ಗಂಡ ತಾನಾಗೇ ಸತ್ತದ್ದು ಆ ಟಕಟಕ ಸದ್ದಿನಲ್ಲಿ ದಾಖಲಾಯಿತು.

ನಮ್ಮ ವಕೀಲರು ಛಂಗನೆ ಎದ್ದರು. "ಸ್ವಾಮಿ, ಅದನ್ನು ಬರ್ಕೋಬೇಡಿ! ಆಕೆ ಹೂಂ ಅಂದದ್ದು ಪ್ರಶ್ನೆ ಕೇಳಿಸ್ತು ಅಂತ. ಹೌದು ಅಂತ ಅಲ್ಲ."

ಇದು ಹೊರಗಿನವರಿಗೆ ಅರ್ಥವಾಗುವಂತೆ ಹೇಳುವುದು ಹೇಗೋ ನನಗೆ ತಿಳಿಯದು. ಯಂತ್ರಗಳ ಸದ್ದಿನಲ್ಲಿ ಮೇಸ್ತ್ರಿ ಏನೇ ಕೂಗಲಿ, ನಾವು ಹೂಂ ಎನ್ನಬೇಕು. ಕೂಗಿದ್ದು ಕಿವಿಗೆ ಬಿತ್ತು ಎಂದಷ್ಟೇ ಅದರರ್ಥ. ಅನ್ನದಿದ್ದರೆ "ಕಿವೀಲಿ ಸೀಸ ಹುಯ್ಕೊಂಡಿದ್ದೀಯೇನೇ ಮುಂಡೆ?" ಎನ್ನುತ್ತ ನೂಲು ತಿರುವುವ ಕೋಲಿನಿಂದಲೇ ಬೆನ್ನಿಗೆ ಬಿಗಿಯುತ್ತಾನೆ. ಒಪ್ಪಿಗೆಯೋ ಇಲ್ಲವೋ ಎಂಬುದು ಬೇರೆ ಮಾತು. ಅದನ್ನು ಅಲ್ಲಿ ನಮ್ಮನ್ನು ಯಾರೂ ಕೇಳಿದ್ದಿಲ್ಲ.

ನ್ಯಾಯಾಧೀಶರು ಕನ್ನಡಕ ತೆಗೆದರು. "ಹೂಂ ಅಂದ್ರೆ ಹೌದು ಅಂತ ತೊಟ್ಟಿಲ ಕೂಸಿಗೂ ಗೊತ್ತು ವಕೀಲರೇ. ನೀವೇನು ಹೊಸ ನಿಘಂಟು ಬರೀತಿದ್ದೀರಾ?"

ಈ ಸಲ ನಕ್ಕವರು ಕರಿಕೋಟಿನವರು. "ಪುಕ್ಕಟೆ ನಿಘಂಟು!" ಎಂದು ಯಾರೋ ಅಂದರು. ಫೀಸಿಲ್ಲದೆ ಕೇಸು ನಡೆಸುವ ನಮ್ಮ ವಕೀಲರಿಗೆ ಕೋರ್ಟಿನಲ್ಲಿರುವ ಹೆಸರೇ ಅದು, ಪುಕ್ಕಟೆ. ಹೊತ್ತಾಗಿದ್ದರಿಂದ ಉಳಿದ ಸವಾಲನ್ನು ಮುಂದಿನ ವಾಯಿದೆಗೆ ಹಾಕಿದರು.

ನಮ್ಮ ಬೀದಿಗೆ ನಲ್ಲಿ ಬಂದದ್ದು ಪುಕ್ಕಟೆಯವರಿಂದ. ನಮ್ಮ ಮಕ್ಕಳನ್ನು ಶಾಲೆಯ ಒಳಗೆ ಕೂರಿಸಿದ್ದು ಅವರು. ಹೆಣ ಎತ್ತಲು ಜನ ಸಾಲದಿದ್ದರೆ ಕೋಟು ಬಿಚ್ಚಿ ನಮ್ಮ ಮನೆ ಗೋಡೆಯ ಗೂಟಕ್ಕೆ ಸಿಕ್ಕಿಸಿ ಹೆಗಲು ಕೊಡುತ್ತಾರೆ. ಅವರ ಕೋಟಿನ ಮೊಣಕೈಗೆ ನಮ್ಮ ಬೀದಿಯ ದರ್ಜಿ ಹಾಕಿದ ತೇಪೆಯಿದೆ. ಅವರ ಹೆಂಡತಿ ಟೀಚರಮ್ಮ ಸಂಜೆ ತಮ್ಮ ಮನೆಯ ಜಗುಲಿಯಲ್ಲಿ ನಮಗೆ ಅಕ್ಷರ ಹೇಳಿಕೊಡುತ್ತಾರೆ. "ನಿಮ್ಮ ವಕೀಲರು ಮದುವೆಯಾಗಿದ್ದು ನಿಮ್ಮ ಬೀದಿನ ಕಣ್ರೇ," ಅನ್ನುತ್ತಾರೆ ಅವರು, "ನಾನು ಬರೀ ಸಾಕ್ಷಿ."

ಆ ಜಗುಲಿಯಲ್ಲೇ ವಕೀಲರು ಅತ್ತೆಗೆ 'ಸುಳ್ಳು' ಎನ್ನುವುದನ್ನು ಕಲಿಸಲು ಕೂತರು.

"ನಾನೇ ಮಾಲೀಕರ ವಕೀಲ ಅಂತ ತಿಳ್ಕೋ ತಾಯಿ. ಒಪ್ಪದೇ ಇದ್ದದ್ದಕ್ಕೆಲ್ಲ ಸುಳ್ಳು ಅನ್ನು. ಈ ಊರಿನ ಆನೆ ಹಾರುತ್ತೆ ಅಂದ್ರೆ ಸರಿನಾ?"

"ಹೂಂ ಸ್ವಾಮಿ."

"ಆನೆ ಹಾರುತ್ತಾ?"

"ನೀವು ಅಂದ್ಮೇಲೆ ಹಾರಬಹುದು."

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ವಕೀಲರೂ ನಕ್ಕರು, ಆದರೆ ಅವರ ಹಣೆ ಬೆವೆತಿತ್ತು.

"ನೀನು ಕತ್ತೆ ಅಂದ್ರೆ ಸರಿನಾ?"

ಅತ್ತೆ ತುಟಿ ಅಲ್ಲಾಡಿಸಿದಳು. ಆಮೇಲೆ ನೆಲ ನೋಡುತ್ತ ಹೇಳಿದಳು: "ನಿಮ್ಮ ಮುಖ ನೋಡ್ಕೊಂಡು ಹೆಂಗಪ್ಪಾ ಸುಳ್ಳು ಅನ್ನಲಿ? ನೀವು ಒಳ್ಳೇರು. ಕೆಟ್ಟೋರಿಗಾದ್ರೆ ಹೇಳೇನು."

ನಾವು ಹಾಗೆ ಕೂತಿದ್ದಾಗಲೇ ಒಂದು ಸಂಜೆ ಮಾಲೀಕರ ಕಾರು ಬಂದು ಜಗುಲಿಯ ಮುಂದೆ ನಿಂತಿತು. ಅತ್ತೆ ಆವತ್ತು ಬಂದಿರಲಿಲ್ಲ. ನಾವೆಲ್ಲ ಎದ್ದು ಗೋಡೆಗೊತ್ತಿಕೊಂಡೆವು. ಮಾಲೀಕರು ಮೆಟ್ಟಿಲ ಕೆಳಗೇ ನಿಂತರು.

"ಕೂರಲ್ಲ ಬಿಡಿ, ಬಟ್ಟೆ ಕೆಡುತ್ತೆ. ಬೀದಿಗೊಂದು ಆಸ್ಪತ್ರೆ ಬೇಕು ಅಂತ ಎಷ್ಟು ಕಾಲದಿಂದ ನನ್ನ ತಲೆ ತಿಂತಿದ್ದೀರಿ ವಕೀಲರೇ? ಕಟ್ಟಿಸ್ತೀನಿ. ಡಾಕ್ಟರು, ಮದ್ದು, ಎಲ್ಲಾ ನಂದೇ. 'ಅವನು ತಾನಾಗೇ ಇಳಿದ' ಅಂತ ಬರ್ದು ರಾಜಿ ಮಾಡಿಸಿ ಸಾಕು. ಸತ್ತೋನಿಗೇನು ನಷ್ಟ?"

ನನ್ನ ಸೊಂಟದ ಮೇಲಿದ್ದ ಮಗಳಿಗೆ ಕೆಮ್ಮು ಬಂತು. ಬಂದರೆ ಅದು ಬೇಗ ಬಿಡುವ ಕೆಮ್ಮಲ್ಲ, ಬಣ್ಣದ ಹಬೆಯಲ್ಲಿ ಬೆಳೆದ ಕೆಮ್ಮು. ಮಾಲೀಕರು ಅವಳತ್ತ ಬೆರಳು ಮಾಡಿದರು.

"ಯಾರದ್ರೀ ಈ ಪಿಳ್ಳೆ? ಪಾಪ. ಮೊದಲ ಮದ್ದು ಇದಕ್ಕೇ ಕೊಡಿಸೋಣ."

ಯಾರದೆಂದು ಅವರಿಗೆ ಯಾರೂ ಹೇಳಲಿಲ್ಲ. ಕಾರು ತಿರುಗುವಾಗ ಟೀಚರಮ್ಮನ ಹೂಕುಂಡವೊಂದು ಒಡೆಯಿತು.

ಮಾರನೇ ದಿನ ವಕೀಲರು ನಮ್ಮ ಮನೆಗೆ ಬಂದರು. ಒಳಗಿರುವುದು ಒಂದೇ ಕೋಣೆ. ಅತ್ತೆ ಒಲೆಯ ಮುಂದಿದ್ದಳು. ನಾನು ಮಗಳನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನು ತಟ್ಟುತ್ತಿದ್ದೆ. ವಕೀಲರು ಕೋಟು ಬಿಚ್ಚಲಿಲ್ಲ. ಬಾಗಿಲ ಹೊರಗೆ ಬೀದಿಯ ಅರ್ಧ ಜನ ಉಸಿರು ಬಿಗಿಹಿಡಿದು ನಿಂತಿದ್ದರು, ಸುದ್ದಿ ಆಗಲೇ ಹಬ್ಬಿತ್ತು.

ಅವರು ಎಲ್ಲವನ್ನೂ ಹೇಳಿದರು, ಏನೂ ಮುಚ್ಚಿಡಲಿಲ್ಲ. ಹೇಳುತ್ತ ಹೇಳುತ್ತ ದನಿ ಒಡೆಯಿತು. "ನಿನ್ನೆಯೇ ಬೇಡ ಅನ್ನಬೇಕಿತ್ತೋ ಏನೋ. ರಾತ್ರಿ ಕಣ್ಣು ಹತ್ತಲಿಲ್ಲ. ನನ್ನ ಕೈಯಾರೆ ಎಷ್ಟು ಮಕ್ಕಳನ್ನು ಮಣ್ಣಿಗಿಟ್ಟಿದ್ದೀನಿ ತಾಯಿ ಈ ಬೀದೀಲಿ. ಮಗ ತಿರುಗಿ ಬರಲ್ಲ. ಮೊಮ್ಮಗಳಾದ್ರೂ ಉಳೀತಾಳೆ. ರಾಜಿ ಮಾಡ್ಕೊಳ್ಳೋಣ್ವಾ?"

ಅತ್ತೆ ಒಲೆಗೆ ಒಂದು ಕಡ್ಡಿ ತುರುಕಿದಳು.

"ಹೂಂ ವಕೀಲಪ್ಪಾ," ಎಂದಳು.

ವಕೀಲರು ಅವಳ ನೀಲಿ ಕೈಗಳನ್ನು ತಮ್ಮ ಕಣ್ಣಿಗೊತ್ತಿಕೊಂಡರು. ಹೊರಗೆ ಯಾರೋ "ಒಪ್ಪಿದ್ಲಂತೆ!" ಎಂದು ಕೂಗಿದರು. ಪಕ್ಕದ ಮನೆಯ ದರ್ಜಿ ಸೀಟಿ ಹೊಡೆದ. ನಾನು ಏನೋ ಹೇಳಲು ಬಾಯಿ ತೆರೆದೆ. ಮಗಳು ಕೆಮ್ಮಿದಳು. ನಾನು ಮತ್ತೆ ಅವಳ ಬೆನ್ನು ತಟ್ಟತೊಡಗಿದೆ.

ಆ ರಾತ್ರಿ ಅತ್ತೆ ಉಣ್ಣಲಿಲ್ಲ. ನಾನು ಕರೆಯಲೂ ಇಲ್ಲ.

ವಾಯಿದೆಯ ದಿನ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀದಿಯವರೆಲ್ಲ ಒಗೆದ ಬಟ್ಟೆ ಉಟ್ಟು ಬಂದಿದ್ದರು. ಮಾಲೀಕರ ವಕೀಲ ನಮ್ಮ ವಕೀಲರ ಹೆಗಲ ಮೇಲೆ ಕೈಹಾಕಿ ನಿಂತಿದ್ದ. ಅತ್ತೆ ಕಟಕಟೆ ಹತ್ತಿದಳು.

"ಎರಡೂ ಕಡೆಯವರು ರಾಜಿಯಾಗಿದ್ದಾರೆ ಸ್ವಾಮಿ," ಎಂದ ಅವನು.

ನ್ಯಾಯಾಧೀಶರು ಅತ್ತೆಯ ಕಡೆ ತಿರುಗಿದರು. "ನಿಮ್ಮ ಮಗ ತಾನಾಗೇ ಗುಂಡಿಗೆ ಇಳಿದ ಅಂತ ಒಪ್ಕೊಂಡು ರಾಜಿ ಮಾಡ್ಕೊಂಡಿದ್ದೀರಿ ಅಂದ್ರೆ ಸರಿನಾ ಅಮ್ಮ?"

ಅತ್ತೆ ನ್ಯಾಯಾಧೀಶರನ್ನು ನೋಡಲಿಲ್ಲ. ನಮ್ಮ ವಕೀಲರ ಮುಖವನ್ನೇ ನೋಡಿದಳು.

"ಸುಳ್ಳು," ಎಂದಳು.

ನಮ್ಮ ವಕೀಲರ ಕೈಯಿಂದ ಪೆನ್ನು ಜಾರಿತು. "ತಾಯಿ... ನೀನೇ ಹೂಂ ಅಂದ್ಯಲ್ಲ?"

"ಅಂದೆ ಕಣಪ್ಪಾ. ನೀವು ಹೇಳಿದ್ದು ಕೇಳಿಸ್ತು, ಹೂಂ ಅಂದೆ. ಒಪ್ಪಿದೆ ಅಂದ್ನಾ?" ಆಮೇಲೆ ಅವಳು ಮಾಲೀಕರ ವಕೀಲನತ್ತ ತಿರುಗಿದಳು. "ನನ್ನ ಮಗಾನೂ ಅಷ್ಟೇ ಅಂದಿದ್ದು. ಬಿಡ್ರೋ ಉಸಿರು ಕಟ್ಟುತ್ತೆ ಅಂದ. ಇಳಿಯೋ ಬೋಳೀಮಗನೇ ಅಂತ ಆ ಮೇಸ್ತ್ರಿ ಕೋಲೆತ್ತಿದ. ಅದಕ್ಕೆ ಹೂಂ ಅಂದ. ಇದನ್ನ ಬರ್ಕೊಳ್ಳಿ."

ಟೈಪಿನವನ ಬೆರಳುಗಳು ಗಾಳಿಯಲ್ಲೇ ನಿಂತಿದ್ದವು. ಅವನು ನ್ಯಾಯಾಧೀಶರನ್ನು ನೋಡಿದ, ನ್ಯಾಯಾಧೀಶರು ನಮ್ಮ ವಕೀಲರನ್ನು ನೋಡಿದರು.

"ಹಾಳು ಮುದುಕಿ," ಎಂದಿತು ನನ್ನ ಬೆನ್ನ ಹಿಂದೆ ದರ್ಜಿಯ ದನಿ. "ನಮ್ಮ ಮಕ್ಕಳ ಬಾಯಿಗೆ ಮಣ್ಣು ಹಾಕಿದ್ಲು."

ನಮ್ಮ ವಕೀಲರು ಮೆಲ್ಲಗೆ ಎದ್ದರು. ಅದೇ ದರ್ಜಿ ಹಾಕಿದ ತೇಪೆಯ ಮೇಲೆ ಕೈ ಇಟ್ಟುಕೊಂಡಿದ್ದರು, ಅಲ್ಲಿ ನೋಯುತ್ತಿದೆಯೇನೋ ಎಂಬಂತೆ.

"ರಾಜಿ ಇಲ್ಲ ಸ್ವಾಮಿ," ಎಂದರು. "ನನಗೇ ತಪ್ಪಾಗಿ ಕೇಳಿಸಿತ್ತು. ಆಕೆ ಈಗ ಹೇಳಿದ್ದನ್ನ ಹಾಗೇ ಬರ್ಕೊಳ್ಳಿ."

ಅತ್ತೆ ಕಟಕಟೆಯ ಮರವನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದಿದ್ದಳು. ಜವಾನ ಅವಳ ಹತ್ತಿರ ಹೋದ, ಏನೂ ಅನ್ನದೆ ನಿಂತ.

ಆಗ ನನ್ನ ಮಗಳಿಗೆ ಕೆಮ್ಮು ಶುರುವಾಯಿತು.

"ಯಾರದು ಆ ಕೂಸು?" ಎಂದರು ನ್ಯಾಯಾಧೀಶರು. "ಹೊರಗೆ ಕರ್ಕೊಂಡು ಹೋಗಿ."

ಬೀದಿಯವರೆಲ್ಲ ನನ್ನತ್ತ ತಿರುಗಿದರು. ಮುಂದಿನ ಬೆಂಚಿನಿಂದ ಮಾಲೀಕರೂ ತಿರುಗಿದರು.

"ಕೇಳಿಸ್ತಾ ನಿಂಗೆ? ಹೊರಗೆ ನಡಿ!" ಎಂದ ಜವಾನ.

"ಹೂಂ," ಎಂದೆ.

ಎದ್ದೇಳಲಿಲ್ಲ.