ಚೀಸ್ ಸಾಲಿನಲ್ಲಿ ಪ್ಲಟಾಯದವರು

ಥೀಬ್ಸಿನವರು ನೆರೆಯ ಪುಟ್ಟ ಊರು ಪ್ಲಟಾಯವನ್ನು ನೆಲಸಮ ಮಾಡಿದಾಗ ಹೆರ್ಮಾಯೋಸ್ ಆಗಷ್ಟೇ ಮೀಸೆ ಚಿಗುರಿದ ಹುಡುಗ. ತಪ್ಪಿಸಿಕೊಂಡು ಅಥೆನ್ಸ್ ಸೇರಿದ ಪ್ಲಟಾಯದವರನ್ನೆಲ್ಲ ಆ ಊರು ತನ್ನ ಪ್ರಜೆಗಳೆಂದೇ ಒಪ್ಪಿಕೊಂಡಿತು. ಅವನು ಅಲ್ಲಿ ಚಪ್ಪಲಿ ಹೊಲಿದ, ಸಭೆಯಲ್ಲಿ ಕೈಯೆತ್ತಿದ, ಯುದ್ಧದ ಹಡಗಿನಲ್ಲಿ ಹುಟ್ಟು ಹಾಕಿದ. ಕಟ್ಟಿಕೊಂಡ ಹೆಂಡತಿ ಮೊದಲ ಹೆರಿಗೆಯಲ್ಲೇ ತೀರಿಕೊಂಡಳು, ಮಗುವೂ ಉಳಿಯಲಿಲ್ಲ.

ತಿಂಗಳ ಕೊನೆಯ ದಿನ ಪ್ಲಟಾಯದವರು ಸಂತೆಯಲ್ಲಿ ಹಸಿ ಚೀಸ್ ಮಾರುವ ಸಾಲಿನ ಬಳಿ ಸೇರುವುದು ವಾಡಿಕೆ. "ಕೊಳ್ಳೋರಿಗೆ ದಾರಿ ಬಿಡ್ರಪ್ಪಾ!" ಎಂದು ಮಾರುವವರು ಬೈಯುವಷ್ಟು ಜನ ಒಂದು ಕಾಲಕ್ಕೆ. ಯುದ್ಧ ಕೆಲವರನ್ನು ನುಂಗಿತು, ಮುಪ್ಪು ಕೆಲವರನ್ನು. ಮಕ್ಕಳಿಗೆ ಅಥೆನ್ಸೇ ಊರಾಯಿತು. ಕೊನೆಗೆ ಬರುತ್ತಿದ್ದವರು ಇಬ್ಬರೇ: ಹೆರ್ಮಾಯೋಸ್, ಮತ್ತು ಮುದಿ ಕುಂಬಾರ ಮ್ನಾಸೋನ್.

ಇಬ್ಬರೂ ಸೇರಿದರೆ ಜಗಳವೇ.

"ಹೇರಾ ದೇವಿ ಗುಡಿ ಎಡಕ್ಕೆ ಅಂಜೂರದ ಮರ ಇತ್ತಲ್ಲೋ," ಎಂದ ಹೆರ್ಮಾಯೋಸ್ ಒಂದು ಸಲ.

"ಬಲಕ್ಕೆ ಕಣೋ. ನೀನು ಹಣ್ಣು ಕದಿಯೋಕೆ ಹಿಂದಿನ ಗೋಡೆ ಹಾರಿ ಬರ್ತಿದ್ದೆ, ಅದಕ್ಕೇ ನಿಂಗೆ ಎಲ್ಲಾ ತಿರುಗುಮುರುಗು."

"ನಿಮ್ಮಪ್ಪನೂ ಹೀಗೇ. ನಮ್ಮ ಹೊಲದ ಗಡಿಕಲ್ಲು ಎಲ್ಲಿತ್ತು ಅಂದ್ರೆ ಇನ್ನೆಲ್ಲೋ ತೋರಿಸ್ತಿದ್ದ."

ಮ್ನಾಸೋನನ ಮುಖ ಕಪ್ಪಿಟ್ಟಿತು. ಊರು ಬಿದ್ದ ದಿನ ಶತ್ರುಗಳು ಸಾಲಾಗಿ ನಿಲ್ಲಿಸಿ ಕೊಂದವರಲ್ಲಿ ಅವನ ಅಪ್ಪನೂ ಇದ್ದ. ಮ್ನಾಸೋನ್ ಎದ್ದು ಹೋದ.

ಮುಂದಿನ ತಿಂಗಳು ಅವನು ಬರಲಿಲ್ಲ. ಹೆರ್ಮಾಯೋಸ್ ಚೀಸ್ ಬುಟ್ಟಿಗಳು ಖಾಲಿಯಾಗುವವರೆಗೂ ಕಾದ. ಆಮೇಲೆ ಕುಂಬಾರಗೇರಿಗೆ ನಡೆದ. ಬಾಗಿಲಲ್ಲಿ ಮ್ನಾಸೋನನ ಮಗ ತಲೆ ಬೋಳಿಸಿಕೊಂಡು ನಿಂತಿದ್ದ.

"ಜ್ವರ ಬಂತು ದೊಡ್ಡಪ್ಪಾ. ಎರಡೇ ದಿನ. ನಿಮ್ಮ ಮನೆ ಎಲ್ಲಿ ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ."

"ಕೊನೇಲಿ ಏನಾದ್ರೂ ಅಂದನೇನಪ್ಪಾ?"

"ಏನೇನೋ ಅಂದ್ರು. ನಿಮ್ಮೂರ ಮಾತಲ್ಲಿ. ನಮಗೆ ತಿಳೀಲಿಲ್ಲ."

"ಕಲ್ಲಿನ ಮೇಲೆ ಪ್ಲಟಾಯದವನು ಅಂತ ಕೆತ್ತಿಸಿದ್ಯಾ?"

ಮಗ ಸಂಕೋಚದಿಂದ ನೆಲ ನೋಡಿದ. "ಅಥೆನ್ಸಿನವನು ಅಂತ. ಅದೇ ಅಲ್ವಾ ಮರ್ಯಾದೆ?"

ಹೆರ್ಮಾಯೋಸನಿಗೆ ಸಿಟ್ಟು ಬರಲಿಲ್ಲ. ಹುಡುಗ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಊರ ಬಾಗಿಲಾಚೆ ಮ್ನಾಸೋನನ ಸಮಾಧಿಗೆ ಹೋಗಿ ಎಣ್ಣೆ ಹೊಯ್ದು, ನಿಮ್ಮಪ್ಪನ ಬಗ್ಗೆ ಹಾಗೆ ಅನ್ನಬಾರದಿತ್ತು ಎಂದು ತಮ್ಮೂರ ಮಾತಿನಲ್ಲೇ ಹೇಳಿದ. ಆ ಮಾತಿಗೆ ಇನ್ನು ಈ ಊರಿನಲ್ಲಿ ಮರುಮಾತಿಲ್ಲ ಎನ್ನುವುದು ಆಗಲೇ ಅವನಿಗೆ ಹೊಳೆದದ್ದು.

ಮುಂದಿನ ತಿಂಗಳ ಕೊನೆಗೂ ಅವನು ಸಂತೆಗೆ ಹೋದ.

"ಒಬ್ನೇನಾ ತಾತಾ?" ಎಂದಳು ಚೀಸ್ ಮಾರುವ ಫಿಲಿನ್ನಾ.

"ಒಬ್ನೇ ಕಣಮ್ಮ."

ಅವಳು ಬುಟ್ಟಿ ಸರಿಸಿ ನೆರಳಲ್ಲಿ ಜಾಗ ಮಾಡಿಕೊಟ್ಟಳು. "ಹೆಂಗಿತ್ತು ತಾತಾ ನಿಮ್ಮೂರು?"

ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಗಂಟಲು ಸರಿಮಾಡಿಕೊಂಡ. "ಬೆಟ್ಟದ ಬುಡದಲ್ಲಿ..." ಎನ್ನುವಷ್ಟರಲ್ಲಿ ಗಿರಾಕಿ ಬಂದ. ಅವನ ಹಿಂದೆ ಇನ್ನಿಬ್ಬರು. ಫಿಲಿನ್ನಾ ತೂಗುತ್ತ, ಚೌಕಾಸಿ ಮಾಡುತ್ತ ಅತ್ತ ತಿರುಗಿದಳು. ಹೆರ್ಮಾಯೋಸ್ ಸ್ವಲ್ಪ ಹೊತ್ತು ಕಾದು, ಒಂದು ತುಂಡು ಚೀಸ್ ಕೊಂಡು, ಎಲೆಯಲ್ಲಿ ಸುತ್ತಿಸಿಕೊಂಡು ಮನೆಯ ಕಡೆ ಹೊರಟ.